ಹಚ್ಚುವ ಮೊದಲು



ಸಂಬಂಧಿಕರ ಮದುವೆಗೆ ಇನ್ನೂ ನಾಲ್ಕು ದಿನ ಇತ್ತು. ಎಂಟನೇ ತರಗತಿಯ ನನ್ನ ಮಗಳು ಬೆಳಗ್ಗೆ ಬೆಳಗ್ಗೆಯೇ ಕನ್ನಡಿಯ ಮುಂದಿನಿಂದ ಎದ್ದು ಬಂದಳು. ಒಂದು ಕಣ್ಣಿನ ಕೆಳಗೆ ಕಪ್ಪು ಮೆತ್ತಿಕೊಂಡಿತ್ತು, ಇನ್ನೊಂದರಲ್ಲಿ ನೀರು ಇಳಿಯುತ್ತಿತ್ತು. ಕೈಯಲ್ಲಿ ಬೆರಳುದ್ದದ ಕಪ್ಪು ಕೊಳವೆ.

‘ಅಮ್ಮಾ, ಈ ಮಸ್ಕಾರಾ ಸ್ವಲ್ಪ ಹಾಕಿಕೊಡು. ಅಲ್ಲ ಅಲ್ಲ, ಹಾಕುವುದು ಹೇಗೆ ಅಂತ ಹೇಳಿಕೊಡು.’

ಹಾಕಿಕೊಡು ಎನ್ನುವಲ್ಲಿಂದ ಹೇಳಿಕೊಡು ಎನ್ನುವಲ್ಲಿಗೆ ಬರಲು ಅವಳಿಗೆ ಹದಿಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಅವಳ ಮುಖಕ್ಕೆ ಏನು ಹಚ್ಚಿದರೂ ಅದು ಬೇರೆಯವರ ಬೆರಳಿನಿಂದಲೇ. ತೊಟ್ಟಿಲಲ್ಲಿದ್ದಾಗ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟವಳು ಅಜ್ಜಿ. ಶಾಲೆಯ ವಾರ್ಷಿಕೋತ್ಸವಕ್ಕೆ ಗುಲಾಬಿ ಬಣ್ಣ ಬಳಿದವರು ಟೀಚರು. ಈಗ ಅವಳಿಗೆ ತನ್ನ ಮುಖ ತನ್ನ ಕೈಗೇ ಬೇಕು.

ಜಗಲಿಯಲ್ಲಿ ಕೂತಿದ್ದ ನನ್ನ ಅಮ್ಮ ಕೇಳಿದರು: ‘ಅದೆಂತದು? ಕಾಡಿಗೆ ಸಾಲದಾ?’

ಕಾಡಿಗೆ ರೆಪ್ಪೆಯ ಅಂಚಿಗೆ, ಇದು ರೆಪ್ಪೆಯ ಕೂದಲಿಗೆ ಎಂದೆ. ಅಮ್ಮನಿಗೆ ಸಮಾಧಾನ ಆಗಲಿಲ್ಲ. ಅವರ ಕಾಲದಲ್ಲಿ ಕಾಡಿಗೆ ಮನೆಯಲ್ಲೇ ಆಗುತ್ತಿತ್ತು. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿಟ್ಟರೆ ಬೆಳಗಾಗುವಾಗ ತಟ್ಟೆಯ ತಳದಲ್ಲಿ ಮಸಿ. ಅದನ್ನು ಕೆರೆದು ತುಪ್ಪದಲ್ಲಿ ಕಲಸಿದರೆ ಮುಗಿಯಿತು.

ನಾನು ಅವರಿಗೆ ಮಸ್ಕಾರಾದ ಕಥೆ ಹೇಳಿದೆ. 1915ರ ಸುಮಾರಿಗೆ ಅಮೆರಿಕದ ಶಿಕಾಗೋದಲ್ಲಿ ಮೇಬೆಲ್ ಎಂಬ ಹೆಣ್ಣುಮಗಳು ವ್ಯಾಸಲೀನಿಗೆ ಇದ್ದಲಿನ ಪುಡಿ ಕಲಸಿ ರೆಪ್ಪೆಗೆ ಹಚ್ಚಿಕೊಳ್ಳುತ್ತಿದ್ದಳಂತೆ. ಅದನ್ನು ಕಂಡ ಅವಳ ಸಹೋದರ ಟಾಮ್ ಲೈಲ್ ವಿಲಿಯಮ್ಸ್ ವ್ಯಾಪಾರಕ್ಕಿಳಿದ. ಮೇಬೆಲ್ ಮತ್ತು ವ್ಯಾಸಲೀನ್ ಎರಡೂ ಸೇರಿ ಮೇಬಲಿನ್ ಎಂಬ ಹೆಸರಾಯಿತು.

ಅಮ್ಮ ನಕ್ಕರು. ‘ಹಾಗಾದರೆ ಅವರದ್ದೂ ಜಿಡ್ಡು, ಮಸಿಯೇ. ಕರಡಿಗೆ ಮಾತ್ರ ಬೇರೆ.’

ಕರಡಿಗೆಯ ಒಳಗಿನದ್ದೂ ಈಗ ಬದಲಾಗಿದೆ. ಇಂದಿನ ಮಸ್ಕಾರಾದಲ್ಲಿ ಮೇಣ ಇರುತ್ತದೆ, ಕಪ್ಪಿಗೆ ಕಬ್ಬಿಣದ ಆಕ್ಸೈಡ್ ಇರುತ್ತದೆ. ವಾಟರ್‌ಪ್ರೂಫ್ ಆದರೆ ನೀರು ಎರಚಿದರೂ ಬಿಡುವುದಿಲ್ಲ. ಕಣ್ಣಿನ ಹತ್ತಿರದ ವಸ್ತುವಿನಲ್ಲಿ ಅಸಡ್ಡೆ ನಡೆಯದು ಎಂಬುದನ್ನು ಲೋಕ ಕಷ್ಟಪಟ್ಟೇ ಕಲಿತಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡ ಕೆಲವು ಹೆಂಗಸರು ಕಣ್ಣು ಕಳೆದುಕೊಂಡರು, ಒಬ್ಬಾಕೆ ಜೀವವನ್ನೇ ಕಳೆದುಕೊಂಡರು. ಸೌಂದರ್ಯವರ್ಧಕಗಳನ್ನು ಕಾನೂನಿನ ಹಿಡಿತಕ್ಕೆ ತಂದ ಅಲ್ಲಿನ 1938ರ ಕಾಯ್ದೆಯ ಹಿಂದೆ ಆ ಕಣ್ಣುಗಳ ನೋವೂ ಇತ್ತು. ನಮ್ಮ ಮನೆಯ ಕಾಡಿಗೆಯನ್ನೂ ಎಳೆಗೂಸಿನ ಕಣ್ಣೊಳಗೆ ಹಚ್ಚಬೇಡಿ ಎಂದು ವೈದ್ಯರು ಈಗ ಹೇಳುತ್ತಾರಲ್ಲ.

ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: ‘ಇವತ್ತು ತೆಗೆಯುವುದನ್ನು ಕಲಿ. ಹಾಕುವುದು ನಾಳೆ.’

‘ಹಾಕದೆಯೇ ತೆಗೆಯುವುದಾ?’

‘ಕಣ್ಣಿನ ಕೆಳಗೆ ಉಂಟಲ್ಲ, ಅದನ್ನೇ ತೆಗೆ.’

ಹತ್ತಿಯ ಉಂಡೆಗೆ ನಾಲ್ಕು ಹನಿ ತೆಂಗಿನೆಣ್ಣೆ. ಮುಚ್ಚಿದ ರೆಪ್ಪೆಯ ಮೇಲೆ ಅದನ್ನು ಸುಮ್ಮನೆ ಇಟ್ಟು ಮೂವತ್ತರವರೆಗೆ ಎಣಿಸಬೇಕು, ಉಜ್ಜಬಾರದು. ಮೇಣ ಎಣ್ಣೆಯಲ್ಲಿ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರೆ ಸಾಕು. ಅವಳು ಹತ್ತಕ್ಕೇ ಉಜ್ಜಲು ಹೊರಟಳು. ಮತ್ತೆ ಒಂದರಿಂದ ಎಣಿಸಿದೆವು.

ಈ ಪಾಠ ನನಗೆ ಸಿಕ್ಕಿದ್ದು ಯಾವ ಬ್ಯೂಟಿ ಪಾರ್ಲರಿನಲ್ಲೂ ಅಲ್ಲ, ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ. ನಮ್ಮದು ಪುತ್ತೂರಿನ ಕಡೆ. ನನಗೆ ಆರೋ ಏಳೋ ವರ್ಷ. ಗದ್ದೆಯಲ್ಲಿ ಬಯಲಾಟ, ದೇವಿಮಹಾತ್ಮೆ. ನಡುರಾತ್ರಿ ದೊಂದಿಯ ಬೆಳಕಿನಲ್ಲಿ, ಪ್ರೇಕ್ಷಕರ ನಡುವಿನಿಂದಲೇ ಮಹಿಷಾಸುರ ಅಬ್ಬರಿಸುತ್ತಾ ಬಂದ. ನಾನು ಅಪ್ಪನ ಪಂಚೆಯೊಳಗೆ ಮುಖ ಹುದುಗಿಸಿ ಕಿರುಚಿದ್ದು ಚೆಂಡೆಯ ಸದ್ದನ್ನೂ ಮೀರಿತ್ತಂತೆ. ಅಪ್ಪ ಸಮಾಧಾನ ಹೇಳಲಿಲ್ಲ. ಮಹಿಷಾಸುರನ ವಧೆ ಆದ ಮೇಲೆ ನನ್ನನ್ನು ಎತ್ತಿಕೊಂಡು ನೇರ ಚೌಕಿಗೆ ಹೋದರು.

ಅಲ್ಲಿ ಸಾಲಾಗಿ ಪೆಟ್ಟಿಗೆಗಳು, ಅವುಗಳ ಮುಂದೆ ಚಿಕ್ಕ ಚಿಕ್ಕ ಕನ್ನಡಿಗಳು. ಮಹಿಷಾಸುರ ನೆಲದ ಮೇಲೆ ಚಕ್ಕಳಮಕ್ಕಳ ಕೂತಿದ್ದ. ಮೊದಲು ಕೆನ್ನೆಯ ಬಿಳಿ ಚಿಟ್ಟಿಗಳನ್ನು ಒಂದೊಂದಾಗಿ ಕಿತ್ತ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖವೆಲ್ಲ ಸವರಿದ. ಕೆಂಪು, ಕಪ್ಪು, ಬಿಳಿ ಎಲ್ಲ ಕಲಸಿ ಕೆಸರಿನಂತಾಯಿತು. ಹಳೆಯ ಪಂಚೆಯ ತುಂಡಿನಿಂದ ಒರೆಸಿದಂತೆ ಒಳಗಿನಿಂದ ಒಬ್ಬ ಮನುಷ್ಯ ಬಂದ. ನಡುವಯಸ್ಸು, ನರೆತ ಕುರುಚಲು, ದಣಿದ ಕಣ್ಣು. ನನ್ನ ಕಡೆ ನೋಡಿ, ‘ಹೆದರಿಕೆ ಆಯ್ತಾ ಮಗಾ?’ ಎಂದ. ಆಮೇಲೆ ಅಪ್ಪನ ಹತ್ತಿರ ತಿರುಗಿ, ‘ಚಾ ಉಂಟಾ?’ ಎಂದು ಕೇಳಿದ.

ದೇವಲೋಕವನ್ನೇ ಗೆದ್ದವನಿಗೆ ಬೇಕಾಗಿದ್ದದ್ದು ಒಂದು ಲೋಟ ಚಾ.

ಮಗಳಿಗೆ ಈ ಕಥೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಮರುದಿನ ಹಾಕುವ ಪಾಠ. ಬ್ರಶ್ಶನ್ನು ಕೊಳವೆಯೊಳಗೆ ಮೇಲೆ ಕೆಳಗೆ ಕುಟ್ಟಬಾರದು, ಗಾಳಿ ಹೋಗಿ ಒಣಗುತ್ತದೆ. ತಿರುಗಿಸಿ ತೆಗೆದು, ಕೊಳವೆಯ ಬಾಯಿಗೆ ಹೆಚ್ಚಿನದನ್ನು ಒರೆಸಬೇಕು. ಮೊಣಕೈ ಮೇಜಿನ ಮೇಲೆ ಊರಿರಲಿ, ಕನ್ನಡಿ ಕೆಳಗಿರಲಿ, ಗದ್ದ ಮೇಲಿರಲಿ. ರೆಪ್ಪೆಯ ಬುಡದಲ್ಲಿ ಸ್ವಲ್ಪ ಅಲುಗಿಸಿ, ತುದಿಯವರೆಗೆ ಎತ್ತಬೇಕು. ಒಣಗುವ ತನಕ ಕಣ್ಣು ಪಿಳುಕಿಸಬಾರದು. ಒಂದೇ ಸಲ ಸಾಕು. ಯಾರ ಜೊತೆಗೂ ಹಂಚಿಕೊಳ್ಳಬಾರದು, ಗೆಳತಿಗೂ ಇಲ್ಲ, ಅಮ್ಮನಿಗೂ ಇಲ್ಲ. ತೆರೆದು ಮೂರು ತಿಂಗಳಾದರೆ ಎಸೆದುಬಿಡಬೇಕು, ಸೋಂಕಿನ ಭಯ.

ಬ್ರಶ್ ಹಿಡಿದಾಗ ಅವಳ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಅವಳನ್ನು ನೋಡುತ್ತಾ ನನ್ನ ಬಾಯಿಯೂ ತೆರೆದಿತ್ತು ಎಂದು ಅಮ್ಮ ಆಮೇಲೆ ಹೇಳಿದರು. ಮಗುವಿಗೆ ಮೊದಲ ತುತ್ತು ಉಣಿಸುವಾಗಲೂ ಹಾಗೆಯೇ ಆಗಿತ್ತಂತೆ.

ಬಣ್ಣ ಹಚ್ಚಿಕೊಳ್ಳಬೇಡ ಎಂದು ನಾನು ಅವಳಿಗೆ ಹೇಳಲಾರೆ. ವೇಷ ಕಟ್ಟುವುದರಲ್ಲಿ ಒಂದು ಸಂತೋಷ ಇದೆ. ಆದರೆ ವೇಷ ಕಳಚಲು ಬಾರದವರಿಗೆ ಅದೇ ಮುಖವಾಗಿಬಿಡುತ್ತದೆ. ದೊಡ್ಡವರಾದ ನಾವೂ ದಿನವೂ ಒಂದನ್ನು ಹಚ್ಚಿಕೊಂಡೇ ಹೊರಡುತ್ತೇವೆ: ಕಚೇರಿಯ ಗತ್ತು, ಅಂಗಡಿಯ ನಯ, ಸಭೆಯ ನಗು. ಅವೆಲ್ಲ ಬೇಕು, ಆಟ ನಡೆಯಬೇಕಲ್ಲ. ಸಾಹೇಬರು ಸಾಹೇಬರಾಗಿಯೇ ಊಟಕ್ಕೆ ಕೂತರೆ ಮಾತ್ರ ಮನೆಯವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಮದುವೆ ಮುಗಿಸಿ ಮನೆಗೆ ಬರುವಾಗ ರಾತ್ರಿ ಹನ್ನೊಂದು. ಎಲ್ಲರಿಗೂ ದಣಿವು. ಮಗಳು ಹಾಗೆಯೇ ಮಲಗಿರಬೇಕು ಎಂದುಕೊಂಡೆ. ಬಚ್ಚಲಮನೆಯ ದೀಪ ಉರಿಯಿತು. ಒಳಗಿನಿಂದ ಎಣಿಸುವ ದನಿ ಸಣ್ಣಗೆ ಕೇಳಿತು: ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಎಣ್ಣೆಯ ಹೊಳಪಿನ ಮುಖ, ನಿದ್ದೆ ತುಂಬಿದ ಕಣ್ಣು, ಕೈಯಲ್ಲಿ ಕಪ್ಪಾದ ಹತ್ತಿ.

‘ಅಮ್ಮಾ,’ ಎಂದಳು, ಆದಷ್ಟು ದಪ್ಪ ದನಿಯಲ್ಲಿ, ‘ಚಾ ಉಂಟಾ?’