ಹಳೆಯ ಗಣಕ ಏಳದೆ ಹೋದಾಗ

(ಸಂಘದ ಮಾಸಿಕ ಸಭೆಯಲ್ಲಿ ಗ್ರಂಥಾಲಯ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಗ್ರಂಥಾಲಯದವರು ಮಾತನಾಡುತ್ತಾರೆಂದರೆ ಸಾಹಿತ್ಯದ ವಿಷಯವೇನಾದರೂ ಇದ್ದೀತೆಂದು ತಮ್ಮಲ್ಲಿ ಕೆಲವರು ಎಣಿಸಿ ಬಂದಿರಬಹುದು. ಕ್ಷಮಿಸಬೇಕು. ನಾವು ಹೇಳಹೊರಟಿರುವುದು ಒಂದು ಹಳೆಯ ಕಂಪ್ಯೂಟರಿನ ಸಂಗತಿ. ಗುಂಡಿ ಒತ್ತಿದರೆ ಮಿಸುಕದೆ ಕುಳಿತ ಯಂತ್ರವೊಂದನ್ನು ನಾವು ನಾಲ್ವರು ಐದು ಭಾನುವಾರ ಹೇಗೆ ಉಪಚರಿಸಿದೆವು, ಎಲ್ಲಿ ತಪ್ಪಿದೆವು, ಏನು ಉಳಿಯಿತು ಎಂಬುದನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಇಂಥದೊಂದು ಯಂತ್ರ ತಮ್ಮಲ್ಲಿ ಹಲವರ ಮನೆಯ ಅಟ್ಟದ ಮೇಲೆ ಹಳೆಯ ಸೀರೆ ಹೊದ್ದುಕೊಂಡು ಇದ್ದೇ ಇದೆ ಎಂಬುದು ನಮಗೆ ಗೊತ್ತು.

ನಮ್ಮ ಕಚೇರಿಗೆ ಈ ಗಣಕ ಬಂದುದು 2003ರಲ್ಲಿ. ಸಂಚಿಕೆಯ ಬರಹಗಳನ್ನೆಲ್ಲ ಅದರಲ್ಲಿ ಬೆರಳಚ್ಚು ಮಾಡುತ್ತಿದ್ದವರು ನಾವೆಲ್ಲ ಮಾಸ್ತರರೆಂದೇ ಕರೆಯುತ್ತಿದ್ದ ಹಿರಿಯರು. ಹಗಲು ಗಿರಣಿಯ ಕಚೇರಿಯಲ್ಲಿ ಗುಮಾಸ್ತಿಕೆ, ರಾತ್ರಿ ಹೋಟೆಲು ಹುಡುಗರಿಗೆ ರಾತ್ರಿಶಾಲೆಯಲ್ಲಿ ಪಾಠ. ಹೀಗೆ ಆಯುಷ್ಯವನ್ನು ಈ ಮುಂಬಯಿಯಲ್ಲಿ ಸವೆಸಿದವರು. ಎಪ್ಪತ್ತು ದಾಟಿದ ಮೇಲೆ ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯನ್ನು ಕಲಿತರು. (ಆ ರಾಯರೂ ಒಂದು ಕಾಲಕ್ಕೆ ನಮ್ಮ ಮುಂಬಯಿಯಲ್ಲೇ ಉದ್ಯೋಗದಲ್ಲಿದ್ದವರೆಂಬುದು ನಮಗೊಂದು ಹೆಮ್ಮೆ.) ಸಂಜೆ ಸಂಜೆ ಬಂದು ಕುಳಿತು, ತಮ್ಮ ನೆನಪುಗಳನ್ನು ಹದಿನಾಲ್ಕು ಬರಹಗಳಾಗಿ ಅದರೊಳಗೆ ಇಳಿಸಿದರು. ಕೈಬರಹದ ವಹಿಗಳು ಅವರ ನೆಲಅಂತಸ್ತಿನ ಖೋಲಿಯಲ್ಲಿದ್ದುವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅಂದು ಆ ವಹಿಗಳು ಮುದ್ದೆಯಾದುವು. 2011ರಲ್ಲಿ ಮಾಸ್ತರರೂ ತೀರಿಕೊಂಡರು. ಆ ಹದಿನಾಲ್ಕು ಬರಹಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮಾಡಿಡಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ಅದು ನಮ್ಮದೇ ತಪ್ಪು.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು 2023ರ ನವೆಂಬರಿಗೆ ಐವತ್ತು ವರ್ಷ ತುಂಬಿತಷ್ಟೆ. ಆ ಸಂಚಿಕೆಯಲ್ಲಿ ಮಾಸ್ತರರ ನೆನಪುಗಳನ್ನು ಅಚ್ಚು ಹಾಕಬೇಕೆಂದು ಠರಾವಾಯಿತು. ಅಟ್ಟದಿಂದ ಗಣಕವನ್ನು ಇಳಿಸಿದೆವು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಅಷ್ಟೇ. ರಿಪೇರಿ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆವು. ಅಲ್ಲಿನ ಹುಡುಗನು ಮುಚ್ಚಳವನ್ನೂ ತೆರೆಯದೆ, “ಇದು ಮುಗಿಯಿತು, ಗುಜರಿಗೆ ಹಾಕಿ. ಡಿಸ್ಕು ಬೇಕಾದರೆ ಫಾರ್ಮ್ಯಾಟ್ ಮಾಡಿ ಬೇರೆಯದಕ್ಕೆ ಹಾಕಿಕೊಡುತ್ತೇನೆ” ಎಂದ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ. ನಾವು ಯಂತ್ರವನ್ನು ಅಪ್ಪಿಕೊಂಡು ಟ್ಯಾಕ್ಸಿ ಹತ್ತಿದೆವು. ಆ ವರ್ಷದ ಸಂಚಿಕೆ ಮಾಸ್ತರರಿಲ್ಲದೆಯೇ ಹೊರಬಿತ್ತು. ಈ ಮಳೆಗಾಲದಲ್ಲಿ ಮಾಸ್ತರರ ಮಗಳು ಪುಣೆಯಿಂದ ಬಂದು, “ಅಪ್ಪ ಬರೆದದ್ದು ಏನಾದರೂ ಸಿಕ್ಕೀತೇ?” ಎಂದು ಕೇಳಿದ ಮೇಲೆಯೇ ನಮಗೆ ನಾಚಿಕೆಯಾಗಿ ಮತ್ತೆ ಕೈಹಾಕಿದೆವು.

ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ಹೋಟೆಲು ನಡೆಸುವವರು, ಒಬ್ಬರು ರೇಲ್ವೆಯ ವಿದ್ಯುತ್ ವಿಭಾಗದಲ್ಲಿದ್ದವರು. ನಾಲ್ಕನೆಯವಳು ಇಂಜಿನಿಯರಿಂಗ್ ಓದುವ ಹುಡುಗಿ. ರೇಲ್ವೆಯವರ ಹಟವೆಂದರೆ, ದೋಷವನ್ನು ಹೊರಗಿನಿಂದ ಒಳಕ್ಕೆ ಹುಡುಕಬೇಕು. ಮೊದಲು ಗೋಡೆಯ ಪ್ಲಗ್ಗು, ಆಮೇಲೆ ವಯರು, ಆಮೇಲೆ ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚು. ಹಿಂಬದಿಯಲ್ಲಿ 115, 230 ಎಂದು ಬರೆದ ಒಂದು ಪುಟ್ಟ ಕೆಂಪು ಜಾರುಗುಂಡಿಯೂ ಹಲವು ಹಳೆಯ ಯಂತ್ರಗಳಲ್ಲಿರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. ಮಕ್ಕಳು ಆಟಕ್ಕೆ ಅತ್ತ ಸರಿಸಿದ್ದರೆ ಢಮ್ಮೆಂದು ಒಂದೇ ಸದ್ದಿಗೆ ಕಥೆ ಮುಗಿಯುತ್ತದೆ. ಇವೆಲ್ಲ ಸರಿಯಾಗಿದ್ದುವು.

ಮುಂದಿನದು ಒಳಗಿನ ತಗಡಿನ ಡಬ್ಬಿ, ಎಸ್‌ಎಂಪಿಎಸ್ ಎಂದು ಅಂಗಡಿಯವರು ಕರೆಯುವುದು. ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿಕೊಡುವುದು ಅದರ ಕೆಲಸ. ಈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿನಷ್ಟು ವಿದ್ಯುತ್ತು ಕೆಲಹೊತ್ತು ನಿಂತಿರಬಹುದು. ಹೊರಗಿನಿಂದಲೇ ಪರೀಕ್ಷಿಸುವ ಉಪಾಯ ಒಂದಿದೆ. ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕೊಂಡಿಯನ್ನು ಬಿಡಿಸಿ, ಹೊರೆಗಾಗಿ ಹಳೆಯ ಸಿ.ಡಿ. ಡ್ರೈವೊಂದನ್ನು ಜೋಡಿಸಿ, ಕೊಂಡಿಯ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಸಣ್ಣ ತಂತಿತುಂಡಿನಿಂದ ಕೂಡಿಸಿದರೆ ಡಬ್ಬಿ ತಾನಾಗಿ ಏಳಬೇಕು. ನಮ್ಮದು ಎದ್ದಿತು, ಆದರೆ ಮೀಟರು ಹಿಡಿದು ನೋಡಿದರೆ ಐದು ವೋಲ್ಟು ಇರಬೇಕಾದ ಕೆಂಪು ತಂತಿಯಲ್ಲಿ 4.2 ಮಾತ್ರ ಇತ್ತು. ನೂರಕ್ಕೆ ಐದರಷ್ಟು ಹೆಚ್ಚುಕಡಮೆಯಾದರೆ ನಡೆದೀತು, ಇಷ್ಟು ಕೊರತೆ ನಡೆಯದು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬೇರೆ ಡಬ್ಬಿ ತಂದೆವು. ಈಗಿನವಕ್ಕೆ 24 ಸೂಜಿಯ ಕೊಂಡಿ, ನಮ್ಮ ಬೋರ್ಡಿಗೆ 20; ಕೊನೆಯ ನಾಲ್ಕನ್ನು ಬೇರ್ಪಡಿಸಿ ಹಾಕಬಹುದು. ಅದಲ್ಲದೆ ಪ್ರಾಸೆಸರಿನ ಪಕ್ಕದಲ್ಲಿ ನಾಲ್ಕು ಸೂಜಿಯ ಇನ್ನೊಂದು ಕೊಂಡಿ ಇರುತ್ತದೆ. ಅದನ್ನು ಮರೆತರೆ ಫ್ಯಾನುಗಳೆಲ್ಲ ತಿರುಗುತ್ತವೆ, ಯಂತ್ರ ಮಾತ್ರ ಏಳುವುದಿಲ್ಲ. ನಾವು ಮರೆತೆವು. ಒಂದು ಭಾನುವಾರ ಅದರಲ್ಲೇ ಕಳೆಯಿತು.

ಅದನ್ನು ಸಿಕ್ಕಿಸಿದ ಮೇಲೆ ಪರದೆಯ ಮೇಲೆ ಏನೂ ಮೂಡಲಿಲ್ಲ, ಆದರೆ ಪೆಟ್ಟಿಗೆ ಉದ್ದುದ್ದವಾಗಿ ‘ಪೀ’ ಎಂದು ಕೂಗತೊಡಗಿತು. ಹೋಟೆಲಿನವರು ಗಾಬರಿಯಾಗಿ ಸ್ವಿಚ್ಚಿಗೆ ಕೈಹಾಕಿದರು. ಆದರೆ ಹೆರಿಗೆಯ ಕೋಣೆಯಲ್ಲಿ ಮಗು ಅತ್ತರೆ ಹೊರಗಿನವರಿಗೆ ಸಮಾಧಾನವಷ್ಟೆ, ಹಾಗೆಯೇ ಇದು. ಕೂಗುತ್ತಿದೆಯೆಂದರೆ ಬೋರ್ಡಿಗೆ ಜೀವವಿದೆ, ಯಾವುದೋ ಅಂಗ ಸಿಕ್ಕದೆ ಗೋಳಿಡುತ್ತಿದೆ ಎಂದು ಅರ್ಥ. ಬಿಡದೆ ಬರುವ ದೀರ್ಘವಾದ ಕೂಗು ಅನೇಕ ಬೋರ್ಡುಗಳಲ್ಲಿ ಮೆಮೊರಿಯ ಪಟ್ಟಿಯನ್ನು ಸೂಚಿಸುತ್ತದೆ. ನಮ್ಮ ಊರಿನ ಕಡಲಗಾಳಿಗೆ ಲೋಹವೆಲ್ಲ ಮಾಸುತ್ತದೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಪ್ಲಗ್ಗು ಕಿತ್ತು, ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಕುಂಚದಿಂದ ಒರೆಸಿ, ಎರಡೂ ತುದಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆವು. ಎರಡು ರೂಪಾಯಿಯ ರಬ್ಬರು! ಪರದೆ ಬೆಳಗಿತು.

ಬೆಳಗಿದ ಪರದೆಯಲ್ಲಿ 2002ರ ಜನವರಿ 1 ಎಂದು ತಾರೀಖು ಇತ್ತು. ಮೊದಲೆ ಕೊಟ್ಟಿದ್ದ ಸೂಚನೆಗಳೆಲ್ಲ ಮರೆತುಹೋಗಿವೆ ಎಂಬ ದೂರೂ ಇತ್ತು. ಬೋರ್ಡಿನ ಮೇಲೆ ನಾಣ್ಯದಂಥ ಮೂರು ವೋಲ್ಟಿನ ಸೆಲ್ಲು ಇರುತ್ತದೆ, ಸಿಆರ್ 2032 ಎಂದು ಅದರ ಹೆಸರು. ಅದು ಸತ್ತರೆ ಯಂತ್ರಕ್ಕೆ ದಿನವೂ ನೆನಪಿಲ್ಲ, ತನ್ನ ಡಿಸ್ಕೂ ನೆನಪಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಹಾಕಿದೆವು. ಮತ್ತೆ ಹೊತ್ತಿಸಿದರೆ, ‘ಇದು ವ್ಯವಸ್ಥೆಯ ಡಿಸ್ಕಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು! ಎದೆ ಧಸಕ್ಕೆಂದಿತು. ಹುಡುಗಿ ಮುಂದೆ ಬಾಗಿ ಒಂದು ಗುಂಡಿ ಒತ್ತಿ, ಡ್ರೈವಿನಿಂದ ಒಂದು ಫ್ಲಾಪಿಯನ್ನು ಹೊರಕ್ಕೆಳೆದಳು. ಅದರ ಚೀಟಿಯ ಮೇಲೆ ಮಾಸ್ತರರ ದುಂಡು ಅಕ್ಷರದಲ್ಲಿ ‘ರಾಜ್ಯೋತ್ಸವ’ ಎಂದಿತ್ತು. ಅಷ್ಟು ವರ್ಷ ಅದು ಅಲ್ಲೇ ಕುಳಿತಿತ್ತು. ಒಳಗಿನ ತಟ್ಟೆಗೆ ಬೂಷ್ಟು ಹಿಡಿದು ಓದಲಾಗದಂತಾಗಿತ್ತೆಂಬುದು ಬೇರೆ ಮಾತು.

ಫ್ಲಾಪಿ ತೆಗೆದ ಮೇಲೆ ಯಂತ್ರ ಮುಂದುವರಿಯಿತು, ವಿಂಡೋಸಿನ ಚಿತ್ರ ಬಂದಿತು, ಅಲ್ಲಿಯೇ ನಿಂತಿತು. ಡಿಸ್ಕಿನಿಂದ ‘ಕಟ್ ಕಟ್’ ಎಂದು ಸಣ್ಣ ಸದ್ದು. ಇನ್ನೊಮ್ಮೆ ನೋಡೋಣವೆಂದೆವು. ಮೂರನೆಯ ಸಲವೂ ನೋಡಿದೆವು. ಆಗ ಹುಡುಗಿ ಪ್ಲಗ್ಗನ್ನೇ ಕಿತ್ತು, “ಅಂಕಲ್, ನಮಗೆ ಬೇಕಾದದ್ದು ಕಂಪ್ಯೂಟರೋ, ಅಜ್ಜನ ಬರಹವೋ?” ಎಂದಳು.

ನಾವು ತಪ್ಪಿದ್ದು ಅಲ್ಲಿಯೇ. ಬರಹಗಳಿದ್ದುದು ಡಿಸ್ಕಿನಲ್ಲಿ, ಆ ಡಿಸ್ಕನ್ನು ಮೊದಲನೆಯ ಭಾನುವಾರವೇ ಬಿಚ್ಚಿ ಪಕ್ಕಕ್ಕಿಟ್ಟು, ಪ್ರತಿ ತೆಗೆದು, ಅನಂತರ ಯಂತ್ರದ ಸಂಗಡ ಎಷ್ಟು ಬೇಕಾದರೂ ಗುದ್ದಾಡಬಹುದಾಗಿತ್ತು. ಸತ್ತ ಯಂತ್ರವನ್ನು ಎಬ್ಬಿಸುವ ಹುಮ್ಮಸ್ಸಿನಲ್ಲಿ, ಸವೆದ ಡಿಸ್ಕನ್ನು ಮೇಲಿಂದ ಮೇಲೆ ತಿರುಗಿಸಿದೆವು. ಸದ್ದು ಮಾಡುವ ಡಿಸ್ಕು ಪ್ರತಿ ಸುತ್ತಿಗೂ ಇನ್ನಷ್ಟು ಕೆಡಬಹುದು. ಪ್ರಾಸೆಸರಿನ ಬಳಿ ಎರಡು ಕೆಪಾಸಿಟರುಗಳ ತಲೆ ಉಬ್ಬಿದ್ದುದನ್ನೂ ಮೊದಲೇ ಕಂಡಿದ್ದೆವು. ಸುಮಾರು 1999ರಿಂದ 2007ರವರೆಗಿನ ಬೋರ್ಡುಗಳಲ್ಲಿ ಇದು ಬಹಳ ಸಾಮಾನ್ಯ. ಒಳಗೆ ತುಂಬಿದ ದ್ರವ ಕಳಪೆಯಾಗಿತ್ತು. ಅವನ್ನು ಬದಲಾಯಿಸಿದರೆ ಯಂತ್ರ ಇನ್ನೂ ನಾಲ್ಕು ವರ್ಷ ನಡೆದೀತು. ನಡೆದು ಮಾಡುವುದೇನು?

ಡಿಸ್ಕನ್ನು ಬಿಚ್ಚಿದೆವು. ನಲವತ್ತು ಸೂಜಿಯ ಹಳೆಯ ಬಗೆಯದು. ಅದನ್ನು ಯುಎಸ್‌ಬಿಗೆ ಹೊಂದಿಸುವ ಕೊಂಡಿ ಈಗಲೂ ಸಿಗುತ್ತದೆ. ಹುಡುಗಿಯ ಲ್ಯಾಪ್‌ಟಾಪಿಗೆ ಜೋಡಿಸಿ, ಒಂದು ಕಡತವನ್ನೂ ತೆರೆಯದೆ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡಿಯ ಡಿಸ್ಕಿನ ಪಡಿಯಚ್ಚು ತೆಗೆಯಲು ಕೂರಿಸಿದೆವು. ಅದರ ಜಾಣತನವೆಂದರೆ, ಓದಲು ಸುಲಭವಾದ ಭಾಗಗಳನ್ನು ಮೊದಲು ಬಳಿದುಕೊಂಡು, ಹಟಮಾಡುವ ಭಾಗಗಳನ್ನು ಗುರುತುಹಾಕಿ, ಆಮೇಲೆ ಹಿಂದಿರುಗಿ ಬರುತ್ತದೆ. ರಾತ್ರಿಯೆಲ್ಲ ನಡೆಯಿತು. ಬೆಳಗಿನ ಹೊತ್ತಿಗೆ ಕೆಲವು ಖಾನೆಗಳ ಹೊರತು ಮಿಕ್ಕುದೆಲ್ಲ ಬಂದಿತ್ತು. ಒಂದೊಂದು ಖಾನೆಯಲ್ಲಿ 512 ಬೈಟು. ಅಂಥದು ನಾಲ್ಕಾರು ಹೋದರೆ ಬರಹದಲ್ಲಿ ಕೆಲವು ಸಾಲು ಹೋದಂತೆ.

ಕಡತ ತೆರೆದರೆ ಕನ್ನಡವೇ ಇಲ್ಲ! ಅಂದಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದುವು. ಆ ಫಾಂಟಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಮಾತು ಇಂಗ್ಲಿಷಿನ ಪಿ ಅಕ್ಷರದಿಂದ ಮೊದಲಾಗಿ, ನಡುವೆ ಬಿಲಾಯತಿಯ ಪೌಂಡಿನ ಗುರುತು ಹೊತ್ತುಕೊಂಡು ಕಾಣುತ್ತದೆ. ಇದನ್ನು ಕಂಡು, ಕಡತ ಕೆಟ್ಟಿದೆಯೆಂದು ಅಳಿಸಿಹಾಕಿದವರು ಎಷ್ಟು ಮಂದಿಯೋ. ಕೆಟ್ಟಿಲ್ಲ, ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ಓದಬೇಕಾದುದು ಅರ್ಕಾವೊತ್ತನ್ನು. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರವಾಗಿ ಮುಂದೆ ಬರಬೇಕು. ಅಲ್ಲಿ ಒಮ್ಮೊಮ್ಮೆ ಎಡವುತ್ತದೆ.

ಹದಿನಾಲ್ಕರಲ್ಲಿ ಹನ್ನೊಂದು ಪೂರ್ತಿಯಾಗಿ ದೊರೆತಿವೆ. ಎರಡು ಇನ್ನೂ ತೆರೆದಿಲ್ಲ. ಉಳಿದ ಒಂದು 1956ರ ನವೆಂಬರ್ 1ರದು. ಮಾಸ್ತರರು ಧಾರವಾಡ ಜಿಲ್ಲೆಯಿಂದ ಇಲ್ಲಿಗೆ ಬಂದುದು 1954ರಲ್ಲಿ. ಆಗ ಅವರ ಊರೂ ಮುಂಬಯಿ ರಾಜ್ಯ, ಈ ಊರೂ ಮುಂಬಯಿ ರಾಜ್ಯ. ಎರಡು ವರ್ಷ ಕಳೆದು ಒಂದು ಬೆಳಗ್ಗೆ ಎದ್ದರೆ ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ತಾವು ಮಾತ್ರ ಎದ್ದಲ್ಲಿಯೇ ಇದ್ದರು. ಆ ರಾತ್ರಿ ಪಾಠ ಬಿಟ್ಟು, ಹೋಟೆಲಿನ ಹುಡುಗರೆಲ್ಲ ರಾತ್ರಿಶಾಲೆಯಲ್ಲಿ ಸೇರಿದರೆಂದೂ, ಒಬ್ಬ ಹುಡುಗನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದನೆಂದೂ ಬರೆದಿದ್ದಾರೆ. ಪ್ರಶ್ನೆಯೂ ಅದಕ್ಕೆ ಅವರು ಕೊಟ್ಟ ಉತ್ತರವೂ ಓದಲಾಗದ ಖಾನೆಗಳಲ್ಲಿ ಹೋಗಿವೆ. ಮುಂದಿನ ಸಾಲಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾರೆ.

ಈ ವರ್ಷದ ಸಂಚಿಕೆಯಲ್ಲಿ ಅಷ್ಟು ಸ್ಥಳವನ್ನು ಬಿಳಿಯಾಗಿಯೇ ಬಿಟ್ಟಿದ್ದೇವೆ. ಆ ರಾತ್ರಿ ಅಲ್ಲಿದ್ದವರು, ಇಲ್ಲವೆ ತಮ್ಮ ತಂದೆಯವರ, ಅಜ್ಜನವರ ಬಾಯಿಂದ ಆ ಪ್ರಶ್ನೆಯನ್ನು ಕೇಳಿದವರು ತಮ್ಮಲ್ಲಿ ಯಾರಾದರೂ ಇದ್ದರೆ, ಸಭೆ ಮುಗಿದ ಮೇಲೆ ನಮ್ಮನ್ನು ಕಾಣಬೇಕು. ನಾವು ಗ್ರಂಥಾಲಯದ ಕೋಣೆಯಲ್ಲಿ ಒಂಬತ್ತು ಗಂಟೆಯವರೆಗೂ ಇರುತ್ತೇವೆ.