ಶೀತಲ ಸಮರ ಮತ್ತು ನಮ್ಮ ಕಾಫಿ ಕಣ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಪಾಠ ಹೇಳುವವನು. ಒಮ್ಮೆ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಹತ್ತನೇ ತರಗತಿಗೆ ಶೀತಲ ಸಮರದ ಪಾಠ ಮಾಡುವ ಸರದಿ ನನಗೆ ಬಂತು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂಡವಾಳಶಾಹಿ ಅಮೆರಿಕ ಒಂದು ಕಡೆ, ಕಮ್ಯುನಿಸ್ಟ್ ಸೋವಿಯತ್ ಒಕ್ಕೂಟ ಇನ್ನೊಂದು ಕಡೆ ನಿಂತು, ಪರಸ್ಪರ ನೇರ ಯುದ್ಧ ಮಾಡದೆಯೇ ನಾಲ್ಕು ದಶಕಗಳ ಕಾಲ ಪೈಪೋಟಿ ನಡೆಸಿದವು ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಅವರಿಬ್ಬರು ಜಗಳವಾಡಿದರೆ ನಮ್ಮ ನರಸಿಂಹರಾಜಪುರಕ್ಕೇನು?" ಎಂದಳು.

ಉತ್ತರ ದೂರದಲ್ಲಿಲ್ಲ, ನಮ್ಮ ಕಾಫಿ ಕಣದಲ್ಲಿಯೇ ಇದೆ.

1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. ಕಾಫಿ ಬೆಲೆ ಹೀಗೆಯೇ ಬೀಳುತ್ತಿದ್ದರೆ ಲ್ಯಾಟಿನ್ ಅಮೆರಿಕದ ಬಡ ಬೆಳೆಗಾರರು ಕಮ್ಯುನಿಸಂ ಕಡೆಗೆ ವಾಲಬಹುದೆಂಬ ಭಯ ಅಮೆರಿಕಕ್ಕಿತ್ತು. 1962ರಲ್ಲಿ ಆದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಅದು ಬೆಂಬಲ ಕೊಡಲು ಈ ಭಯವೂ ಒಂದು ಕಾರಣ. ಪ್ರತಿ ದೇಶವೂ ಎಷ್ಟು ಕಾಫಿ ಮಾರಬೇಕೆಂದು ಕೋಟಾ ನಿಗದಿಯಾಯಿತು. ಬೆಲೆಗೆ ಒಂದು ಆಸರೆ ಸಿಕ್ಕಿತು. ಭಾರತವೂ ಅದರ ಸದಸ್ಯ ರಾಷ್ಟ್ರವಾಗಿತ್ತು.

ಸೋವಿಯತ್ ಒಕ್ಕೂಟದ ಮಾರುಕಟ್ಟೆ ಈ ಕೋಟಾದ ಹೊರಗಿತ್ತು. ಆದರೆ ನಮ್ಮ ಕಾಫಿಗೆ ಅದೇ ದೊಡ್ಡ ಗಿರಾಕಿ. ಡಾಲರ್ ಬೇಡ, ರೂಪಾಯಿಯಲ್ಲೇ ವ್ಯವಹಾರ. ಅಲ್ಲಿಂದ ಯಂತ್ರಗಳು, ತೈಲ, ಶಸ್ತ್ರಾಸ್ತ್ರ ಬಂದರೆ, ಇಲ್ಲಿಂದ ಚಹಾ, ಕಾಫಿ, ಕರಿಮೆಣಸು ಹೋಗುತ್ತಿದ್ದವು. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು, ಮಾರಾಟ ಮಂಡಳಿಯದು. ಹೀಗೆ ಇಬ್ಬರು ಬಲಾಢ್ಯರ ಪೈಪೋಟಿಯ ನೆರಳಿನಲ್ಲಿ ನಮ್ಮ ಮಲೆನಾಡಿನ ಗಿಡ ಫಲ ಕೊಡುತ್ತಿತ್ತು.

ಆ ನೆರಳು ಸುಮಾರು ಎರಡೂವರೆ ವರ್ಷಗಳಲ್ಲಿ ಸರಿಯಿತು. 1989ರ ಜುಲೈನಲ್ಲಿ ಕೋಟಾ ವ್ಯವಸ್ಥೆ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ದೊಡ್ಡ ಗಿರಾಕಿಯೂ ಹೋದ.

ಆಗ ನಮ್ಮ ಅಬ್ಬಾ ಬಾಳೆಹೊನ್ನೂರು ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಸಂಖ್ಯೆ ಇಳಿಯಿತು, ಬಟವಾಡೆ ತಡವಾಯಿತು. 1992ರಲ್ಲಿ ನನ್ನ ಆಪಾ ಏಳನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದಳು. ಎಲ್ಲವೂ ಮಾಸ್ಕೋದಿಂದಲೇ ಆಯಿತೆಂದು ನಾನು ಹೇಳಲಾರೆ. ಹೆಣ್ಣುಮಗಳಿಗೆ ಏಳನೇ ತರಗತಿ ಸಾಕೆಂಬ ಮಾತೂ ಮನೆಯಲ್ಲಿತ್ತು. ಕೈ ಬಿಗಿಯಾದಾಗ ಆ ಮಾತಿಗೆ ಬಲ ಬಂತು, ಅಷ್ಟೇ. 1994ರಲ್ಲಿ ಬ್ರೆಜಿಲ್‌ನಲ್ಲಿ ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳೆ ಕೆಟ್ಟು ಕಾಫಿ ಬೆಲೆ ಏರಿತು. ತೋಟಕ್ಕೆ ಆಳುಗಳು ಮರಳಿದರು. ಆಪಾ ಶಾಲೆಗೆ ಮರಳಲಿಲ್ಲ.

ಅಬ್ಬಾ ದಿನವೂ ಲೆಕ್ಕ ಬರೆಯುತ್ತಿದ್ದರು, ಆದರೆ ಬೆಲೆ ಯಾಕೆ ಬಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ನಮ್ಮ ನಸೀಬು" ಎನ್ನುತ್ತಿದ್ದರು. ನಸೀಬು ಎಂದು ನಾವು ಕರೆದದ್ದರಲ್ಲಿ ಅರ್ಧ, ಎಲ್ಲೋ ದೂರದ ಮೇಜಿನ ಮೇಲೆ ಯಾರೋ ಮಾಡಿದ ನಿರ್ಧಾರವಾಗಿತ್ತು.

ಇಂದೂ ಹಾಗೆಯೇ. ಅರಣ್ಯ ನಾಶಮಾಡಿ ಬೆಳೆದ ಕಾಫಿ ತನ್ನ ಮಾರುಕಟ್ಟೆಗೆ ಬೇಡವೆಂದು ಯೂರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಅದರ ಪ್ರಕಾರ ಕಾಫಿ ಬೆಳೆದ ಜಾಗದ ವಿವರ ಕೊಡಬೇಕಾಗುತ್ತದೆ. ಅದನ್ನು ಓದಿ ತಿಳಿಸುವವರು ಯಾರು? ನಮ್ಮ ಮಕ್ಕಳೇ ಅಲ್ಲವೇ?

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಎರಡೇ. ದಿನಕ್ಕೆ ಹತ್ತು ನಿಮಿಷ ಮಕ್ಕಳಿಂದ ಪತ್ರಿಕೆ ಓದಿಸಿ ಕೇಳಿ, ಕನ್ನಡವೋ ಉರ್ದುವೋ ಯಾವುದಾದರೂ ಸರಿ. ಎರಡನೆಯದು, ಬೆಲೆ ಬಿದ್ದ ವರ್ಷ ಮೊದಲು ಮಗಳ ಶಾಲೆಯನ್ನು ನಿಲ್ಲಿಸಬೇಡಿ. ಬೆಲೆ ಮತ್ತೆ ಏರುತ್ತದೆ. ತಪ್ಪಿದ ತರಗತಿ ಸುಲಭಕ್ಕೆ ಸಿಗುವುದಿಲ್ಲ.

ಆ ಹಿಂದಿನ ಬೆಂಚಿನ ಹುಡುಗಿಗೆ ಇಷ್ಟನ್ನೂ ಹೇಳಿದೆ. ಮರುದಿನ ಅವಳು ಕೇಳಿದಳು: "ಸರ್, ಈಗ ಕಾಫಿ ರೇಟು ಎಷ್ಟು?" ನನ್ನ ಪಾಠ ಅವಳಿಗೆ ತಲುಪಿತೆಂದು ತಿಳಿದೆ.