ಕಂದಕ ತೋಡುವ ಹಣ, ಕಂದಕ ಕಾಯುವ ಹಣ



ಈ ದತ್ತಿಗೆ ಹೆಸರಾದ ಮಾಸ್ತರರ ತರಗತಿಯಲ್ಲಿ ಕೂರುವ ಭಾಗ್ಯ ನನಗೆ ಇರಲಿಲ್ಲ. ಅವರ ಶಿಷ್ಯರು ಹೇಳುತ್ತಾರೆ: ಲೆಕ್ಕದ ಉತ್ತರ ಸರಿ ಬಂದರೂ ಮಾಸ್ತರರು ಬಿಡುತ್ತಿರಲಿಲ್ಲವಂತೆ, ತಾಳೆ ನೋಡಿ ತೋರಿಸಬೇಕಿತ್ತಂತೆ. ಅಂಥವರ ಹೆಸರಿನಲ್ಲಿ ವನ್ಯಜೀವಿ ಅನುದಾನದ ಲೆಕ್ಕವನ್ನು ತಾಳೆ ನೋಡಲು ಕರೆದಿದ್ದೀರಿ. ಋಣಿಯಾಗಿದ್ದೇನೆ.

ಹಣ ಬರುವ ದಾರಿ ನಿಮಗೆ ಗೊತ್ತಿರುವಂಥದ್ದೇ. ವನ್ಯಜೀವಿ ಆವಾಸಸ್ಥಾನಗಳ ಅಭಿವೃದ್ಧಿ ಯೋಜನೆಯಲ್ಲಿ ನೂರರಲ್ಲಿ 60 ಕೇಂದ್ರದ್ದು, 40 ಕರ್ನಾಟಕದ್ದು. 1992ರಲ್ಲಿ ಶುರುವಾದ ಆನೆ ಯೋಜನೆ ಈಗ ಹುಲಿ ಯೋಜನೆಯ ಜೊತೆ ಸೇರಿದೆ. ಕಾಡು ಕಳೆದುಕೊಂಡದ್ದಕ್ಕೆ ಕಟ್ಟಿಸಿಕೊಂಡ ಕ್ಯಾಂಪಾ ನಿಧಿ ಬೇರೆಯೇ ಇದೆ; 2019ರ ಆಗಸ್ಟ್‌ನಲ್ಲಿ ಅದರಿಂದ ನಮ್ಮ ರಾಜ್ಯಕ್ಕೆ 1,350 ಕೋಟಿ ರೂಪಾಯಿ ಬಂತು. ಇಲಾಖೆ ವಾರ್ಷಿಕ ಕಾರ್ಯಯೋಜನೆ ಬರೆಯುತ್ತದೆ, ಮಂಜೂರಾತಿ ಬರುತ್ತದೆ, ಹಣ ಕಂತಿನಲ್ಲಿ ಇಳಿಯುತ್ತದೆ. ಆಮೇಲೆ ಬಳಕೆ ಪ್ರಮಾಣಪತ್ರ. ಬೇಕೆಂದರೆ ಮಹಾಲೇಖಪಾಲರ ತಪಾಸಣೆ. ಇಷ್ಟು ಯಾವ ಕೈಪಿಡಿಯಲ್ಲೂ ಸಿಗುತ್ತದೆ.

ಕೈಪಿಡಿಯಲ್ಲಿ ಇಲ್ಲದ್ದು ಮಳೆ.

ಚಾರ್ಮಾಡಿ ಘಾಟಿಯ ಬುಡದ ಒಂದು ಊರಿನಲ್ಲಿ, ಊರಿನ ಹೆಸರು ಬೇಡ, ಆನೆ ಕಂದಕವೊಂದನ್ನು ನಾನು ಮಾರ್ಚ್ ಕೊನೆಯಲ್ಲಿ ನೋಡಿದೆ. ಜೆಸಿಬಿ ಹಲ್ಲಿನ ಗೀರು ಮುರಕಲ್ಲಿನ ಮೇಲೆ ಇನ್ನೂ ಹಸಿಯಾಗಿತ್ತು. ಒಳಗೆ ಇಳಿದವನಿಗೆ ಏಣಿ ಇಲ್ಲದೆ ಮೇಲೆ ಬರಲಾಗಲಿಲ್ಲ. ಅದೇ ಜಾಗಕ್ಕೆ ಆಟಿ ತಿಂಗಳ ಮಳೆಯಲ್ಲಿ ಹೋದೆ. ಅಂಚು ಕುಸಿದು ಕಂದಕ ತೋಡಾಗಿತ್ತು, ಕೆಂಪು ನೀರು ಹರಿಯುತ್ತಿತ್ತು. ದೀಪಾವಳಿ ಹೊತ್ತಿಗೆ ಹೂಳು ಗಟ್ಟಿಯಾಗಿ, ನಾನು ಕೈಬೀಸಿಕೊಂಡು ದಾಟಿದೆ. ನನಗಿಂತ ಮೊದಲೇ ಆನೆ ದಾಟಿತ್ತು. ಒಣಗಿದ ಕೆಸರಿನಲ್ಲಿ ಹೆಜ್ಜೆ ಬಟ್ಟಲಿನಂತೆ ಉಳಿದಿತ್ತು, ಆಚೆ ದಂಡೆಯಲ್ಲಿ ಸೀಳಿದ ಬೈನೆ ಮರ, ಅದರಾಚೆ ಬುಡ ಮೇಲಾದ ಅಡಿಕೆ ಸಸಿಗಳು. ತೋಟದ ಯಜಮಾನರು ಬಯ್ಯಲಿಲ್ಲ. “ಗರ್ನಲ್ ಹೊಡೆದೂ ಹೊಡೆದೂ ಸಾಕಾಯ್ತು ಮಾರಾಯ್ರೆ” ಎಂದರು, ಅಷ್ಟೇ.

ಕಡತದಲ್ಲಿ ಮಾತ್ರ ಆ ಕಂದಕಕ್ಕೆ ಸಾವಿಲ್ಲ. ಬಳಕೆ ಪ್ರಮಾಣಪತ್ರ ಕೇಳುವುದು ಹಣ ಮಂಜೂರಾದ ಕೆಲಸಕ್ಕೇ ಖರ್ಚಾಯಿತೇ ಎಂದು. ಆಯಿತು. ಅದರಲ್ಲಿ ಸುಳ್ಳಿಲ್ಲ. ಕಳ್ಳತನ ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ, ನನಗೆ ಸಂಕಟವಾಗುವುದು ಅದಕ್ಕೇ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದರೆ, ನಾವು ಅಳೆದದ್ದು ಬೇಸಗೆಯನ್ನು ಮಾತ್ರ.

ಇದಕ್ಕೆ ಹಲವರು ಹಲವು ಮದ್ದು ಹೇಳುತ್ತಾರೆ. ಹಳೆಯ ರೈಲು ಕಂಬಿಯ ಬೇಲಿಯೇ ಪರಿಹಾರ ಎನ್ನುವವರಿದ್ದಾರೆ. ನಾಗರಹೊಳೆಯ ಸಪಾಟು ಅಂಚಿನಲ್ಲಿ ಅದು ಕೆಲಸ ಮಾಡಿದೆ, ಒಪ್ಪುತ್ತೇನೆ. ಅಲ್ಲಿಯೂ 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿಯಲ್ಲಿ ಕಂಬಿ ದಾಟಲು ಹೋದ ಸಲಗವೊಂದು ಸಿಕ್ಕಿಕೊಂಡು ಸತ್ತಿತು. ನಮ್ಮಲ್ಲೋ ಗುಡ್ಡೆಗೊಂದು ತೋಡು, ತೋಡಿಗೊಂದು ಹೊಳೆ. ನೀರು ಇಳಿಯುವ ಬಾಯಿಗೆ ಕಂಬಿ ಹೇಗೆ ಹೂಡುತ್ತಾರೆ? ಬಂದ ನೆರೆಗೆ ಅದು ನಿಂತೀತೇ?

ಮೂರನೆಯವರಿಂದ ಮೌಲ್ಯಮಾಪನ ಮಾಡಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ವಾದ ಇನ್ನೂ ಜನಪ್ರಿಯ. ಈ ವಾದವನ್ನು ನಾನು ಒಪ್ಪುವುದಿಲ್ಲ. ಮೌಲ್ಯಮಾಪಕರು ಬರುವುದೂ ರಸ್ತೆ ಒಣಗಿದ ಮೇಲೆ. ಕೊಟ್ಟ ಪಟ್ಟಿಯ ಉದ್ದ ಅಗಲ ತಾಳೆ ಹಾಕಿ ಹೋಗುತ್ತಾರೆ. ಆಟಿಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಂದಕದ ಗುಂಟ ನಡೆಯದವರು ಎಷ್ಟನೆಯವರಾದರೇನು? ಅನುದಾನವನ್ನೆಲ್ಲ ಸಂಘಸಂಸ್ಥೆಗಳಿಗೆ ವಹಿಸಿ ಎನ್ನುವವರಿಗೂ ನನ್ನ ಉತ್ತರ ಇದೇ: ಕೈ ಬದಲಾಗುತ್ತದೆ, ತಿಂಗಳು ಬದಲಾಗುವುದಿಲ್ಲ.

ಮಾಡುವ ಖರ್ಚು ಬೇರೆ, ಕಾಯುವ ಖರ್ಚು ಬೇರೆ ಎಂಬುದು ಸರ್ಕಾರಕ್ಕೆ ತಿಳಿಯದ್ದೇನಲ್ಲ. ಹುಲಿ ಯೋಜನೆಯಲ್ಲಿ ಒಮ್ಮೆ ಮಾಡುವ ಕೆಲಸಕ್ಕೆ ಕೇಂದ್ರದ ಪಾಲು 60, ವರ್ಷವರ್ಷದ ಖರ್ಚಿಗೆ 50. ಕಾಯುವುದಕ್ಕೇ ಕಡಿಮೆ! ನಮ್ಮ ಮಲೆಯಂಚಿಗೆ ಇದು ತಲೆಕೆಳಗಾಗಬೇಕು. ಕಂದಕದ ಹಣದಲ್ಲಿ ಮೂರನೇ ಒಂದು ಪಾಲನ್ನು ತಡೆದಿಡಿ. ಮೂರು ಮಳೆಗಾಲ, ಪ್ರತಿ ಸೋಣ ತಿಂಗಳಲ್ಲಿ ಹೂಳೆತ್ತಿದ ಮೇಲೆ ಬಿಡಿ. ಅಳತೆಯ ದಿನ ತೋಟದವರೂ ಜೊತೆಗೆ ನಡೆದು ಸಹಿ ಹಾಕಲಿ. ಹಣಕಾಸು ವರ್ಷ ದಾಟಿ ಹಣ ಇಡುವಂತಿಲ್ಲ ಎಂದು ಲೆಕ್ಕಾಧಿಕಾರಿಗಳು ಹೇಳುತ್ತಾರೆ. ಆದರೆ ಗುತ್ತಿಗೆದಾರರ ಭದ್ರತಾ ಠೇವಣಿ ಮಾರ್ಚ್ ದಾಟಿಯೂ ಇರುತ್ತದಲ್ಲ? ರಸ್ತೆಗೆ ದೋಷಹೊಣೆಯ ಅವಧಿ ಇರುವಾಗ ಆನೆ ಕಂದಕಕ್ಕೆ ಯಾಕಿಲ್ಲ?

ಇಲ್ಲಿಗೆ ಬಂದಿರುವ ಬಂಟ್ವಾಳದವರಿಗೆ ಒಂದು ಮಾತು. ನಿಮ್ಮಲ್ಲಿ ಆನೆ ಇಲ್ಲ, ನಿಜ. ಆದರೆ ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲುವ ನೇತ್ರಾವತಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಮಲೆಗಳಿಂದ ಇಳಿದು ಬರುವವಳು. ಆ ಮಲೆಯಲ್ಲಿದ್ದ ಗಣಿ 2005ರ ಕೊನೆಗೆ ನಿಂತದ್ದು ಕೋರ್ಟಿನ ಮಾತಿಗೆ. ಆ ಕಾಡು ಮುಂದೆಯೂ ಉಳಿಯಬೇಕಾದರೆ ಅದರ ಅಂಚಿನ ತೋಟದವರಿಗೆ ರಾತ್ರಿ ನಿದ್ದೆ ಬರಬೇಕು.

ಮೂರು ಮಳೆಗಾಲ ಆ ಕಂದಕದ ಗುಂಟ ನಡೆದು ಬರೆದಿಟ್ಟ ಅಳತೆ ಪುಸ್ತಕದ ನಕಲನ್ನು ಇಂದು ಮಾಸ್ತರರ ಹೆಸರಿನ ಕಪಾಟಿಗೆ ಕೊಡುತ್ತಿದ್ದೇನೆ. ಬಲಬದಿಯ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ಬರುವ ಆಟಿಯಲ್ಲಿ ಯಾರಾದರೂ ನನ್ನ ಜೊತೆ ಬಂದರೆ, ಅವರ ಅಳತೆ ಅಲ್ಲಿ ಬರೆಯೋಣ.